ಒಂದು ಲೇಬಲ್ಲಿನೊಳಗೆ ಇನ್ನೂರು ವರ್ಷ: ಬರ್ಬನ್ ಮತ್ತು ರೈ ವಿಸ್ಕಿಯ ಕಥೆ, ರುಚಿ

ಹೋದ ಡಿಸೆಂಬರಿನಲ್ಲಿ ನಮ್ಮ ಭಾವ ಅಮೆರಿಕದಿಂದ ಬರುವಾಗ ಎರಡು ಬಾಟಲಿ ವಿಸ್ಕಿ ತಂದರು. ಒಂದು ಬರ್ಬನ್, ಇನ್ನೊಂದು ರೈ. ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರೆ ಎರಡಕ್ಕೂ ಒಂದೇ ಬಣ್ಣ. ಬೆಲ್ಲದ ಪಾಕ ಎಳೆ ಬರುವ ಹೊತ್ತಿಗೆ ಇರುತ್ತದಲ್ಲ, ಆ ಬಣ್ಣ. "ಎರಡೂ ಒಂದೇ ಅಲ್ವಾ ಭಾವ?" ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಎರಡು ಗ್ಲಾಸಿಗೆ ಒಂದೊಂದು ಗುಟುಕು ಸುರಿದು, "ಮೂಸಿ ನೋಡು" ಅಂದರು.

ಮೊದಲನೆಯದರಲ್ಲಿ ಆಲೆಮನೆ ಇತ್ತು. ಎರಡನೆಯದರಲ್ಲಿ ಸಾಂಬಾರ ಡಬ್ಬಿಯ ಮುಚ್ಚಳ ತೆಗೆದ ಹಾಗಿತ್ತು.

ಜೊತೆಗಿದ್ದ ಗೆಳೆಯನಿಗೆ ಹಿಂದಿಯ 'ರಾಯಿ' ನೆನಪಾಗಿ, "ರೈ ಅಂದ್ರೆ ಸಾಸಿವೆನಾ?" ಅಂತ ಕೇಳಿದ. ಅಲ್ಲ. ಈ ರೈ ಒಂದು ಧಾನ್ಯ, ಗೋಧಿಯ ಹತ್ತಿರದ ನೆಂಟ. ಚಳಿ ದೇಶಗಳ ಬೆಳೆ. ಗೋಧಿ ಸರಿಯಾಗಿ ಬಾರದ ಬಡ ನೆಲದಲ್ಲೂ ಬೆಳೆಯುತ್ತದೆ. ಬರ್ಬನ್ನಿನ ಮುಖ್ಯ ಧಾನ್ಯ ಮೆಕ್ಕೆಜೋಳ, ಅಂದರೆ ನಮ್ಮ ಮುಸುಕಿನ ಜೋಳ. ಎರಡು ಗ್ಲಾಸುಗಳ ನಡುವಿನ ವ್ಯತ್ಯಾಸ ಶುರುವಾಗುವುದೇ ಇಲ್ಲಿಂದ.

ಬರ್ಬನ್ ಬಾಟಲಿಯ ಮೇಲೆ ಹೀಗೆ ಬರೆದಿತ್ತು: ಕೆಂಟಕಿ ಸ್ಟ್ರೈಟ್ ಬರ್ಬನ್ ವಿಸ್ಕಿ, ಬಾಟಲ್ಡ್ ಇನ್ ಬಾಂಡ್, 100 ಪ್ರೂಫ್. ನಾವು ಸಾಮಾನ್ಯವಾಗಿ ಇಂಥದ್ದನ್ನು ಅಲಂಕಾರ ಅಂದುಕೊಂಡು ಓದದೆ ಬಿಡುತ್ತೇವೆ. ಆದರೆ ಅಮೆರಿಕದ ವಿಸ್ಕಿಯಲ್ಲಿ ಈ ಒಂದೊಂದು ಪದದ ಹಿಂದೆಯೂ ಒಂದು ಕಾಯಿದೆ ಇದೆ, ಕಾಯಿದೆಯ ಹಿಂದೆ ಒಂದು ಜಗಳ ಇದೆ. ಅದನ್ನು ಓದಲು ಬಂದರೆ ಬಾಟಲಿ ತೆಗೆಯುವ ಮೊದಲೇ ರುಚಿಯ ಅರ್ಧ ಅಂದಾಜು ಸಿಗುತ್ತದೆ.

ಮೊದಲು ಬಂದದ್ದು ರೈ

ಇವತ್ತು ಅಮೆರಿಕದ ವಿಸ್ಕಿ ಅಂದರೆ ಎಲ್ಲರ ಬಾಯಲ್ಲಿ ಬರುವುದು ಬರ್ಬನ್. ಆದರೆ ಹಿರಿಯಣ್ಣ ರೈ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಜನ ಹೆಚ್ಚಾಗಿ ಕುಡಿಯುತ್ತಿದ್ದದ್ದು ರಮ್. ಕೆರಿಬಿಯನ್ ದ್ವೀಪಗಳಿಂದ ಕಾಕಂಬಿ ಬರುತ್ತಿತ್ತು, ಅದರಿಂದ ರಮ್ ಇಳಿಸುತ್ತಿದ್ದರು. ಸ್ವಾತಂತ್ರ್ಯ ಯುದ್ಧ ಶುರುವಾದಾಗ ಆ ವ್ಯಾಪಾರ ಕೆಟ್ಟಿತು. ಆಗ ಜನ ಕೈಗೆ ಸಿಕ್ಕ ಧಾನ್ಯಕ್ಕೆ ತಿರುಗಿದರು. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆ ನೆಲೆಸಿದ್ದ ಜರ್ಮನ್, ಸ್ಕಾಟ್ಸ್-ಐರಿಷ್ ರೈತರ ಹೊಲದಲ್ಲಿ ರೈ ಇತ್ತು. ಬಟ್ಟಿ ಇಳಿಸುವ ವಿದ್ಯೆ ಅವರ ಮನೆತನದಲ್ಲೇ ಇತ್ತು.

ಇನ್ನೊಂದು ಕಾರಣ ರಸ್ತೆ. ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗಕ್ಕೂ ಪೂರ್ವದ ಪೇಟೆಗಳಿಗೂ ಮಧ್ಯೆ ಆಲಿಗೇನಿ ಬೆಟ್ಟಸಾಲು. ಕುದುರೆ ಮೇಲೆ ಕಾಳಿನ ಮೂಟೆ ಹೇರಿ ಬೆಟ್ಟ ದಾಟಿಸಿದರೆ ಬಂದ ದುಡ್ಡು ದಾರಿ ಖರ್ಚಿಗೂ ಸಾಲದು. ಅದೇ ಕಾಳನ್ನು ವಿಸ್ಕಿ ಮಾಡಿದರೆ ಅದೇ ಕುದುರೆ ಹಲವು ಪಟ್ಟು ಬೆಲೆಯ ಸರಕು ಹೊರುತ್ತದೆ. ಕೆಡುವ ಭಯವೂ ಇಲ್ಲ. ಆ ಸೀಮೆಯಲ್ಲಿ ನಾಣ್ಯಕ್ಕೆ ಬರ ಇತ್ತು, ಹಾಗಾಗಿ ಕೂಲಿ, ಬಾಡಿಗೆಗೂ ವಿಸ್ಕಿಯನ್ನೇ ಕೊಡುತ್ತಿದ್ದರು.

ಇಂಥ ಜನರ ಮೇಲೆ 1791ರಲ್ಲಿ ತೆರಿಗೆ ಬಿತ್ತು. ಯುದ್ಧದ ಸಾಲ ತೀರಿಸಬೇಕಿತ್ತು, ಹಣಕಾಸು ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಿಸ್ಕಿ ಮೇಲೆ ಅಬಕಾರಿ ಸುಂಕ ಹಾಕಿದ. ಅದನ್ನು ನಗದಿನಲ್ಲೇ ಕಟ್ಟಬೇಕು. ಕೈಯಲ್ಲಿ ನಗದೇ ಇಲ್ಲದ ರೈತ ಏನು ಮಾಡಬೇಕು? ಸಿಟ್ಟು ಬೆಳೆಯುತ್ತಾ ಹೋಯಿತು. 1794ರ ಜುಲೈನಲ್ಲಿ ತೆರಿಗೆ ಅಧಿಕಾರಿ ಜಾನ್ ನೆವಿಲ್‌ನ ಮನೆಗೆ ಬೆಂಕಿ ಬಿತ್ತು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಸೈನ್ಯ ಸೇರಿಸಿಕೊಂಡು ಹೊರಟರು. ದೊಡ್ಡ ಕಾಳಗ ಆಗಲಿಲ್ಲ, ದಂಗೆಕೋರರು ಚದುರಿಹೋದರು. ರಾಜದ್ರೋಹದ ಶಿಕ್ಷೆಯಾದ ಇಬ್ಬರನ್ನು ವಾಷಿಂಗ್ಟನ್ನರೇ ಕ್ಷಮಿಸಿದರು. ತೆರಿಗೆ 1802ರಲ್ಲಿ ರದ್ದಾಯಿತು.

ಅಧ್ಯಕ್ಷಗಿರಿ ಮುಗಿಸಿ ಊರಿಗೆ ಮರಳಿದ ಅದೇ ವಾಷಿಂಗ್ಟನ್ ಬಟ್ಟಿ ಇಟ್ಟರು ಅನ್ನುವುದು ನನಗೆ ಇಡೀ ಕಥೆಯಲ್ಲೇ ಬಹಳ ಕುತೂಹಲದ ಭಾಗ. ಅವರ ಮೌಂಟ್ ವರ್ನನ್ ತೋಟದ ಮೇಲ್ವಿಚಾರಕ ಜೇಮ್ಸ್ ಆಂಡರ್ಸನ್, ಸ್ಕಾಟ್ಲೆಂಡಿನವ. ವಿಸ್ಕಿ ಮಾಡೋಣ ಅಂತ ಒಪ್ಪಿಸಿದ್ದು ಅವನೇ. 1797ರಲ್ಲಿ ಶುರುವಾದ ಆ ಬಟ್ಟಿ 1799ರಲ್ಲಿ ಸುಮಾರು 11,000 ಗ್ಯಾಲನ್, ಅಂದರೆ 40,000 ಲೀಟರಿಗೂ ಜಾಸ್ತಿ ವಿಸ್ಕಿ ಇಳಿಸಿತು. ಲೆಕ್ಕದ ಪುಸ್ತಕಗಳಿಂದ ಅದರ ಪಾಕ ನಮಗೆ ಗೊತ್ತಾಗಿದೆ: 60 ಪಾಲು ರೈ, 35 ಪಾಲು ಮೆಕ್ಕೆಜೋಳ, 5 ಪಾಲು ಮೊಳಕೆ ಬಾರ್ಲಿ. ಬಟ್ಟಿಯ ಬೆಂಕಿಯ ಮುಂದೆ ನಿಂತು ದುಡಿದವರಲ್ಲಿ ವಾಷಿಂಗ್ಟನ್ನರ ತೋಟದ ಕಪ್ಪು ಗುಲಾಮರಿದ್ದರು. ಅದನ್ನೂ ಸೇರಿಸಿಯೇ ಈ ಚರಿತ್ರೆ ಹೇಳಬೇಕು.

ಮೆಕ್ಕೆಜೋಳದ ನಾಡು

ಬೆಟ್ಟಸಾಲಿನ ಆಚೆ ಕೆಂಟಕಿ. 1792ರವರೆಗೆ ಅದು ವರ್ಜೀನಿಯಾದ ಭಾಗ. ಅಲ್ಲಿನ ಹೊಸ ನೆಲದಲ್ಲಿ ಮೆಕ್ಕೆಜೋಳ ಧಾರಾಳವಾಗಿ ಬೆಳೆಯುತ್ತಿತ್ತು. ಈ ಬೆಳೆ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷ ಪಳಗಿಸಿ ಬೆಳೆಸಿದ್ದು, ವಲಸೆ ಬಂದವರು ಅವರಿಂದ ಕಲಿತದ್ದು. ಉಳಿದ ಕಾಳು ಬಟ್ಟಿಗೆ ಹೋಯಿತು. ಅಲ್ಲಿನ ನೆಲದಡಿ ಸುಣ್ಣಕಲ್ಲಿನ ಪದರ. ಅದರ ಮೂಲಕ ಸೋಸಿ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಕ್ಯಾಲ್ಸಿಯಂ ಜಾಸ್ತಿ. ಕಬ್ಬಿಣ ವಿಸ್ಕಿಯ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತದೆ, ಕ್ಯಾಲ್ಸಿಯಂ ಯೀಸ್ಟಿಗೆ ಒಳ್ಳೆಯದು.

ಹೆಸರು ಎಲ್ಲಿಂದ ಬಂತು? 1785ರಲ್ಲಿ ಅಲ್ಲಿ ಬರ್ಬನ್ ಕೌಂಟಿ ಅನ್ನುವ ಜಿಲ್ಲೆ ಮಾಡಿದರು. ಸ್ವಾತಂತ್ರ್ಯ ಯುದ್ಧದಲ್ಲಿ ನೆರವಿಗೆ ನಿಂತ ಫ್ರಾನ್ಸಿನ ರಾಜಮನೆತನದ ಹೆಸರು ಅದು. ಆ ಸೀಮೆಯ ಪೀಪಾಯಿಗಳು ಓಹಾಯೊ, ಮಿಸಿಸಿಪ್ಪಿ ನದಿ ಹಿಡಿದು ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿದ್ದವು, ಹಾಗಾಗಿ ಊರಿನ ಹೆಸರೇ ಸರಕಿಗೆ ಅಂಟಿತು ಅಂತ ಒಂದು ವಾದ. ನ್ಯೂ ಆರ್ಲಿಯನ್ಸಿನ ಬರ್ಬನ್ ಬೀದಿಯಿಂದ ಬಂತು ಅಂತ ಇನ್ನೊಂದು ವಾದ. ಎರಡರ ಬೇರೂ ಒಂದೇ ರಾಜಮನೆತನ.

ಸುಟ್ಟ ಪೀಪಾಯಿಯಲ್ಲಿ ವಿಸ್ಕಿ ತುಂಬಿಡುವುದನ್ನು ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಕಂಡುಹಿಡಿದ ಅಂತ ಒಂದು ಕಥೆ ಚಾಲ್ತಿಯಲ್ಲಿದೆ. ಅವನ ಹೆಸರಿನ ಬಾಟಲಿಯೂ ಇದೆ. ಆದರೆ ಅದಕ್ಕೆ ಪುರಾವೆ ಇಲ್ಲ. ಮೀನು, ಮಾಂಸ, ಉಪ್ಪು ತುಂಬಿದ್ದ ಪೀಪಾಯಿಯ ವಾಸನೆ ಹೋಗಲು ಒಳಗೆ ಬೆಂಕಿ ತೋರಿಸುವುದು ಯಾರಿಗಾದರೂ ಹೊಳೆಯುವ ಉಪಾಯ. ತಿಂಗಳುಗಟ್ಟಲೆ ನದಿಯಲ್ಲಿ ತೇಲಿ ಹೋದ ಆ ವಿಸ್ಕಿ ಕೆಂಪಾಗಿ, ಮೆತ್ತಗಾಗಿ ಬಂದಾಗ ಕೊಳ್ಳುವವರು ಇನ್ನೂ ಅಂಥದ್ದೇ ಬೇಕು ಅಂದಿರಬೇಕು. ಒಬ್ಬನ ತಲೆಯಿಂದ ಬಂದದ್ದು ಅನ್ನುವುದಕ್ಕಿಂತ ನೂರಾರು ಕೈಗಳು ಕಲಿತದ್ದು ಅನ್ನುವುದೇ ನನಗೆ ಸರಿ ಕಾಣುತ್ತದೆ.

ಆ ಕೈಗಳಲ್ಲಿ ಎಷ್ಟೋ ಕೈಗಳಿಗೆ ಹೆಸರು ಸಿಗಲಿಲ್ಲ. ಪಕ್ಕದ ಟೆನೆಸಿಯಲ್ಲಿ ಜ್ಯಾಕ್ ಡೇನಿಯಲ್ ಎಂಬ ಹುಡುಗನಿಗೆ ಬಟ್ಟಿ ವಿದ್ಯೆ ಕಲಿಸಿದವರು ನೇಥನ್ 'ನಿಯರೆಸ್ಟ್' ಗ್ರೀನ್, ಗುಲಾಮರಾಗಿದ್ದ ಕಪ್ಪು ಮನುಷ್ಯ. ಜಗತ್ತು ಅವರ ಹೆಸರನ್ನು ದೊಡ್ಡದಾಗಿ ಹೇಳತೊಡಗಿದ್ದು 2016ರ ನಂತರ. ಕೆಂಟಕಿಯ ಕ್ಯಾಥರೀನ್ ಕಾರ್ಪೆಂಟರ್ ಎಂಬ ಹೆಣ್ಣುಮಗಳು 1818ರಲ್ಲಿ ಬರೆದಿಟ್ಟ ಹುಳಿ ಮ್ಯಾಶಿನ ವಿಧಾನದ ಚೀಟಿ ಇವತ್ತಿಗೂ ಉಳಿದಿದೆ. ಅದೇ ವಿಧಾನವನ್ನು 1830ರ ದಶಕದಲ್ಲಿ ಅಳತೆ, ಉಷ್ಣಾಂಶ, ಹುಳಿ ಎಲ್ಲ ನೋಡಿ ಶಿಸ್ತಿಗೆ ತಂದವನು ಜೇಮ್ಸ್ ಕ್ರೋ ಎಂಬ ಸ್ಕಾಟ್ಲೆಂಡಿನ ವೈದ್ಯ.

ಹುಳಿ ಮ್ಯಾಶ್ ಅಂದರೆ ಏನು? ಒಂದು ಸಲ ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿದ ಹುಳಿ ಗಂಜಿಯಲ್ಲಿ ಸ್ವಲ್ಪ ತೆಗೆದು ಮುಂದಿನ ಸಲದ ಧಾನ್ಯದ ಗಂಜಿಗೆ ಸೇರಿಸುತ್ತಾರೆ. ಹಳೇ ದೋಸೆ ಹಿಟ್ಟನ್ನು ಹೊಸ ಹಿಟ್ಟಿಗೆ ಸೇರಿಸಿದ ಹಾಗೆ ಅನ್ನಿಸಬಹುದು. ಒಂದು ವ್ಯತ್ಯಾಸ ಇದೆ. ದೋಸೆ ಹಿಟ್ಟಿನಲ್ಲಿ ಜೀವಾಣು ಬದುಕಿರುತ್ತದೆ, ಇಲ್ಲಿ ಬಟ್ಟಿಯ ಶಾಖಕ್ಕೆ ಯೀಸ್ಟ್ ಸತ್ತಿರುತ್ತದೆ. ಇಲ್ಲಿ ಬೇಕಾಗಿರುವುದು ಬರೀ ಹುಳಿ. ಹುಳಿ ಇದ್ದರೆ ಬೇಡದ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲ, ಹೊಸದಾಗಿ ಹಾಕಿದ ಯೀಸ್ಟ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಹೆಸರು ನೋಡಿ ವಿಸ್ಕಿ ಹುಳಿ ಇರುತ್ತದೆ ಅಂದುಕೊಳ್ಳಬೇಡಿ. ಹುಳಿ ಗ್ಲಾಸಿನವರೆಗೆ ಬರುವುದಿಲ್ಲ.

ಕಲಬೆರಕೆಗೆ ಹಾಕಿದ ಬೀಗ

ಈಗ 'ಬಾಟಲ್ಡ್ ಇನ್ ಬಾಂಡ್' ಅನ್ನುವ ಮಾತಿಗೆ ಬರೋಣ. 19ನೇ ಶತಮಾನದಲ್ಲಿ ವಿಸ್ಕಿ ಪೀಪಾಯಿ ಲೆಕ್ಕದಲ್ಲಿ ಅಂಗಡಿಗೆ ಹೋಗುತ್ತಿತ್ತು. ಗಿರಾಕಿ ಜಗ್ಗು ತಂದು ತುಂಬಿಸಿಕೊಳ್ಳುತ್ತಿದ್ದ. ಡಿಸ್ಟಿಲರಿಗೂ ಗಿರಾಕಿಗೂ ನಡುವೆ ಎಷ್ಟು ಕೈ ಇರುತ್ತಿತ್ತೋ ಅಷ್ಟು ಮೋಸ. ಬಣ್ಣವಿಲ್ಲದ ಅಗ್ಗದ ಸಾರಾಯಿಗೆ ಸುಟ್ಟ ಸಕ್ಕರೆ, ಒಣಹಣ್ಣಿನ ರಸ, ಕೆಲವೊಮ್ಮೆ ಹೊಗೆಸೊಪ್ಪಿನ ರಸ ಬೆರೆಸಿ "ಹಳೇ ವಿಸ್ಕಿ" ಅಂತ ಮಾರುತ್ತಿದ್ದರು. ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ 1870ರಲ್ಲಿ ಇದಕ್ಕೆ ಒಂದು ದಾರಿ ಹುಡುಕಿದ. ಅವನು ಮೊದಲು ಔಷಧಿ ಮಾರುತ್ತಿದ್ದವ. ತನ್ನ ಓಲ್ಡ್ ಫಾರೆಸ್ಟರ್ ಬರ್ಬನ್ನನ್ನು ಮೊಹರು ಮಾಡಿದ ಗಾಜಿನ ಬಾಟಲಿಯಲ್ಲಿ ಮಾತ್ರ ಮಾರಿದ.

ಕಾಯಿದೆ ಬಂದದ್ದು 1897ರಲ್ಲಿ. ಇದಕ್ಕಾಗಿ ಓಡಾಡಿದವರಲ್ಲಿ ಮುಖ್ಯ ಹೆಸರು ಎಡ್ಮಂಡ್ ಹೇನ್ಸ್ ಟೇಲರ್, ಕೆಂಟಕಿಯ ಡಿಸ್ಟಿಲರಿ ಮಾಲೀಕ. ಕಾಯಿದೆ ಹೇಳುವುದು ಇಷ್ಟು: ವಿಸ್ಕಿ ಒಂದೇ ಡಿಸ್ಟಿಲರಿಯದ್ದಾಗಿರಬೇಕು, ಒಂದೇ ಹಂಗಾಮಿನಲ್ಲಿ ಇಳಿಸಿದ್ದಾಗಿರಬೇಕು, ಸರ್ಕಾರದ ಕಾವಲಿರುವ ಗೋದಾಮಿನಲ್ಲಿ ಕನಿಷ್ಠ 4 ವರ್ಷ ಇರಬೇಕು, ಬಾಟಲಿಗೆ ತುಂಬುವಾಗ ಸರಿಯಾಗಿ 100 ಪ್ರೂಫ್, ಅಂದರೆ 50% ಆಲ್ಕೋಹಾಲ್ ಇರಬೇಕು. ಗೋದಾಮಿನ ಬಾಗಿಲಿಗೆ ಬೀಗ ಹಾಕುತ್ತಿದ್ದವನು ಸರ್ಕಾರಿ ನೌಕರ. ಕಲಬೆರಕೆ ಇಲ್ಲದ ಆಹಾರಕ್ಕಾಗಿ ಅಮೆರಿಕ ದೊಡ್ಡ ಕಾಯಿದೆ ತಂದದ್ದು 1906ರಲ್ಲಿ. ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಕುಡಿಯುವವನಿಗೆ ಈ ಖಾತರಿ ಸಿಕ್ಕಿತ್ತು. ಇವತ್ತಿಗೂ ಮೊದಲ ಬಾಟಲಿ ಯಾವುದು ಕೊಳ್ಳಲಿ ಅಂತ ಯಾರಾದರೂ ಕೇಳಿದರೆ ಈ ಮೂರು ಪದ ಇರುವ ಬಾಟಲಿ ನೋಡಿ ಅನ್ನುತ್ತೇನೆ. ಅದರಲ್ಲಿ ಬಚ್ಚಿಡಲು ಜಾಗವೇ ಇಲ್ಲ.

ಆಮೇಲೆ 1920ರಿಂದ 1933ರವರೆಗೆ ಮದ್ಯ ನಿಷೇಧ. ಆರು ಕಂಪನಿಗಳಿಗೆ ಮಾತ್ರ "ಔಷಧಿಗಾಗಿ" ವಿಸ್ಕಿ ಮಾರಲು ಪರವಾನಗಿ ಸಿಕ್ಕಿತು, ವೈದ್ಯರ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಕೊಳ್ಳಬೇಕಿತ್ತು. ನಿಷೇಧ ತೆಗೆದ ಮೇಲೆ ಬರ್ಬನ್ ಹೇಗೋ ಎದ್ದು ನಿಂತಿತು. ರೈ ಏಳಲಿಲ್ಲ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡಿನ ಡಿಸ್ಟಿಲರಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1810ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಓಲ್ಡ್ ಓವರ್‌ಹೋಲ್ಟ್, ಫಿಲಡೆಲ್ಫಿಯಾದ ಚೌಕದ ಹೆಸರು ಹೊತ್ತ ರಿಟನ್‌ಹೌಸ್, ಎರಡೂ ಕೊನೆಗೆ ಕೆಂಟಕಿಗೆ ವಲಸೆ ಹೋಗಿ ಬದುಕಿದವು. 1970, 80ರ ದಶಕದಲ್ಲಿ ಜನ ವೋಡ್ಕಾ ಕಡೆ ತಿರುಗಿದಾಗ ಬರ್ಬನ್ನಿಗೂ ಕೆಟ್ಟ ಕಾಲ. 1984ರಲ್ಲಿ ಎಲ್ಮರ್ ಲೀ ಎಂಬ ಹಿರಿಯ ತಯಾರಕರು ಒಂದೇ ಪೀಪಾಯಿಯ ವಿಸ್ಕಿಯನ್ನು ಬ್ಲಾಂಟನ್ಸ್ ಹೆಸರಿನಲ್ಲಿ ಬಾಟಲಿಗೆ ತುಂಬಿಸಿ ಮಾರಿದ್ದು ಮರಳಿ ಏಳಲು ಒಂದು ಮೆಟ್ಟಿಲಾಯಿತು. ರೈ ತಿರುಗಿ ಬಂದದ್ದು ಈ ಶತಮಾನದಲ್ಲಿ, ಅದೂ ಹೆಚ್ಚಾಗಿ ಹಳೇ ಕಾಲದ ಮ್ಯಾನ್‌ಹ್ಯಾಟನ್, ಸಾಜೆರಾಕ್ ಕಾಕ್‌ಟೇಲುಗಳನ್ನು ಸರಿಯಾಗಿ ಮಾಡಬೇಕು ಅಂತ ಹಟ ಹಿಡಿದ ಬಾರ್ ಹುಡುಗರಿಂದ.

ನಿಯಮ ಏನು ಹೇಳುತ್ತದೆ

ಬರ್ಬನ್ ಕೆಂಟಕಿಯಲ್ಲೇ ಆಗಬೇಕು ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ, ಅಮೆರಿಕದಲ್ಲಿ ಎಲ್ಲಾದರೂ ಮಾಡಬಹುದು. 1964ರ ಮೇ 4ರಂದು ಅಲ್ಲಿನ ಸಂಸತ್ತು ಬರ್ಬನ್ ಅಮೆರಿಕದ್ದೇ ವಿಶಿಷ್ಟ ಪದಾರ್ಥ ಅಂತ ಠರಾವು ಮಾಡಿತು. ಆದರೂ ಹೆಚ್ಚಿನ ಪಾಲು ಬರುವುದು ಕೆಂಟಕಿಯಿಂದಲೇ. ಆ ರಾಜ್ಯದ ಗೋದಾಮುಗಳಲ್ಲಿ ಇವತ್ತು ಒಂದು ಕೋಟಿಗೂ ಜಾಸ್ತಿ ಪೀಪಾಯಿಗಳಿವೆ, ಜನ ಇರುವುದು ಸುಮಾರು 45 ಲಕ್ಷ.

ಧಾನ್ಯದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಮೆಕ್ಕೆಜೋಳ ಇದ್ದರೆ ಬರ್ಬನ್. ಕನಿಷ್ಠ 51 ಪಾಲು ರೈ ಇದ್ದರೆ ರೈ ವಿಸ್ಕಿ. ಉಳಿದ ಪಾಲಿನಲ್ಲಿ ಮೊಳಕೆ ಬಾರ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟಿನಲ್ಲಿ ಮಗುವಿಗೆ ಸರಿ ಮಾಡಿದರೆ ಅದು ತಾನಾಗಿ ಸ್ವಲ್ಪ ಸಿಹಿ ಇರುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮೂರರಿಂದ ಐದು ದಿನದಲ್ಲಿ ಆಲ್ಕೋಹಾಲ್ ಮಾಡುತ್ತದೆ.

ಬಟ್ಟಿಯಿಂದ ಇಳಿಯುವಾಗ ಆಲ್ಕೋಹಾಲ್ 80% ದಾಟಬಾರದು. ಇದು ಮುಖ್ಯ. ಬಟ್ಟಿಯಲ್ಲಿ ಶುದ್ಧ ಮಾಡುತ್ತಾ ಹೋದಷ್ಟೂ ಧಾನ್ಯದ ವಾಸನೆ ಕಳೆದುಹೋಗುತ್ತದೆ. ನಮ್ಮಲ್ಲಿ ಅಗ್ಗದ ವಿಸ್ಕಿಗೆ ಬಳಸುವ ಕಾಕಂಬಿಯ ಸ್ಪಿರಿಟ್ಟನ್ನು ಸುಮಾರು 96%ವರೆಗೆ ಏರಿಸುತ್ತಾರೆ, ಹಾಗಾಗಿ ಅದಕ್ಕೆ ತನ್ನದು ಅನ್ನುವ ರುಚಿಯೇ ಇರುವುದಿಲ್ಲ. ಬರ್ಬನ್ನಿಗೆ ಆ ದಾರಿ ಮುಚ್ಚಿದೆ. ಪೀಪಾಯಿಗೆ ತುಂಬುವಾಗ 62.5% ಮೀರಬಾರದು, ಬಾಟಲಿಯಲ್ಲಿ 40%ಗಿಂತ ಕಡಿಮೆ ಇರಬಾರದು. ನೀರು ಬಿಟ್ಟು ಬಣ್ಣ, ಸಕ್ಕರೆ, ಸುವಾಸನೆ ಏನೂ ಸೇರಿಸುವಂತಿಲ್ಲ. 'ಸ್ಟ್ರೈಟ್' ಅಂತಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿತ್ತು ಅಂತ ಅರ್ಥ. 4 ವರ್ಷಕ್ಕಿಂತ ಕಡಿಮೆಯಾದರೆ ವಯಸ್ಸನ್ನು ಲೇಬಲ್ಲಿನಲ್ಲಿ ಹೇಳಲೇಬೇಕು.

ಪ್ರೂಫ್ ಲೆಕ್ಕದಲ್ಲಿ ನಮ್ಮವರು ಎಡವುವುದು ಸಹಜ. ನಮ್ಮ ಬಾಟಲಿಗಳ ಮೇಲೆ 42.8%, 75 ಡಿಗ್ರಿ ಪ್ರೂಫ್ ಅಂತ ಇರುತ್ತದೆ. ಅದು ಬ್ರಿಟಿಷರ ಹಳೇ ಅಳತೆ, ಅದರಲ್ಲಿ 100 ಅಂದರೆ 57.1%. ಅಮೆರಿಕದವರದ್ದು ಸರಳ: ಶೇಕಡಾವನ್ನು ಎರಡರಿಂದ ಗುಣಿಸಿದರೆ ಆಯಿತು. 100 ಪ್ರೂಫ್ ಅಂದರೆ 50%.

ಒಂದು ಇಂಚು ಮರ

ಇಷ್ಟೆಲ್ಲಾ ಹೇಳಿದರೂ ವಿಸ್ಕಿಯ ಬಣ್ಣ ಪೂರ್ತಿ ಬರುವುದು ಮರದಿಂದ, ರುಚಿಯ ದೊಡ್ಡ ಪಾಲೂ ಅಲ್ಲಿಂದಲೇ. ನಿಯಮದ ಪ್ರಕಾರ ಪೀಪಾಯಿ ಹೊಸದಾಗಿರಬೇಕು, ಓಕ್ ಮರದ್ದಾಗಿರಬೇಕು, ಒಳಗೆ ಸುಟ್ಟಿರಬೇಕು. ಸಾಮಾನ್ಯವಾಗಿ ಅಮೆರಿಕದ ಬಿಳಿ ಓಕ್, 53 ಗ್ಯಾಲನ್, ಅಂದರೆ 200 ಲೀಟರ್ ಹಿಡಿಯುವಂಥದ್ದು.

ಖಾಲಿ ಪೀಪಾಯಿಯೊಂದರ ಹಲಗೆಯನ್ನು ಅಡ್ಡ ಕೊಯ್ದು ನೋಡಿ. ದಪ್ಪ ಸುಮಾರು ಒಂದು ಇಂಚು. ಒಳಮುಖ ಪೂರ್ತಿ ಇದ್ದಿಲು, ಒಡೆದು ಬಿರುಕು ಬಿಟ್ಟು ಮೊಸಳೆ ಚರ್ಮದ ಹಾಗೆ ಕಾಣುತ್ತದೆ. ಬಲವಾಗಿ ಸುಡುವ ನಾಲ್ಕನೇ ನಂಬರಿನ ಸುಡುವಿಕೆಗೆ ಹಿಡಿಯುವುದು ಒಂದು ನಿಮಿಷಕ್ಕೂ ಕಡಿಮೆ, ಸುಮಾರು 55 ಸೆಕೆಂಡು. ಇದ್ದಿಲಿನ ಕೆಳಗೆ ಕೆಂಪು ಗೆರೆ. ಅಲ್ಲಿ ಮರದೊಳಗಿನ ಸಕ್ಕರೆ ಶಾಖಕ್ಕೆ ಕರಗಿ ಕ್ಯಾರಮೆಲ್ ಆಗಿದೆ. ಅದರ ಕೆಳಗೆ ಇನ್ನೊಂದು ಮಸುಕು ಗೆರೆ, ವಿಸ್ಕಿ ಎಷ್ಟು ಆಳಕ್ಕೆ ಇಂಗಿತ್ತು ಅನ್ನುವ ಗುರುತು. ಆಮೇಲೆ ಬರೀ ಮರ.

ಆ ಒಂದು ಇಂಚಿನಲ್ಲಿ ಏನೇನಿದೆ! ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟಾಗ ವೆನಿಲಿನ್ ಬಿಡುತ್ತದೆ. ಐಸ್‌ಕ್ರೀಮಿನ ವೆನಿಲಾದಲ್ಲಿರುವುದೂ ಅದೇ. ಓಕ್ ಎಣ್ಣೆಯ ಲ್ಯಾಕ್ಟೋನುಗಳು ಕೊಬ್ಬರಿ ವಾಸನೆ ಕೊಡುತ್ತವೆ. ಟ್ಯಾನಿನ್ ನಾಲಿಗೆಗೆ ಚೊಗರು ಕೊಡುತ್ತದೆ, ಸ್ಟ್ರಾಂಗ್ ಟೀ ಕುಡಿದಾಗ ಆಗುವ ಹಾಗೆ. ಮೇಲಿನ ಇದ್ದಿಲು ಗಂಧಕದ ಕೆಟ್ಟ ವಾಸನೆಯನ್ನು ಹಿಡಿದುಕೊಳ್ಳುತ್ತದೆ.

ಇದೆಲ್ಲ ಹೊರಗೆ ಬರಬೇಕಾದರೆ ಬಿಸಿಲು ಬೇಕು. ಕೆಂಟಕಿಯ ಬೇಸಿಗೆಯಲ್ಲಿ ಕೆಲವು ದಿನ 35 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಬಿಸಿಗೆ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಗೋದಾಮುಗಳು ಏಳು, ಒಂಬತ್ತು ಅಂತಸ್ತು ಎತ್ತರ. ಮೇಲಿನ ಅಂತಸ್ತಿನ ತಗಡಿನ ಕೆಳಗೆ ಸೆಕೆ ಜಾಸ್ತಿ, ಅಲ್ಲಿ ವಿಸ್ಕಿ ಬೇಗ ಕೆಂಪಾಗುತ್ತದೆ, ಗಡುಸಾಗುತ್ತದೆ. ಕೆಳಗೆ ನಿಧಾನ. ಒಂದೇ ದಿನ ತುಂಬಿದ ಎರಡು ಪೀಪಾಯಿ ಎಂಟು ವರ್ಷದ ಮೇಲೆ ಅಕ್ಕತಂಗಿಯರ ಹಾಗೆ ಬೇರೆಬೇರೆ ಇರುತ್ತವೆ. ಪ್ರತಿ ವರ್ಷ ನೂರಕ್ಕೆ ಮೂರರಿಂದ ಐದು ಭಾಗ ಆವಿಯಾಗಿ ಹೋಗುತ್ತದೆ. ಅದಕ್ಕೆ ದೇವತೆಗಳ ಪಾಲು ಅಂತಾರೆ. ಆ ಆವಿಯನ್ನೇ ತಿಂದು ಬದುಕುವ ಒಂದು ಕಪ್ಪು ಬೂಷ್ಟಿದೆ. ಗೋದಾಮಿನ ಗೋಡೆ, ಸುತ್ತಲಿನ ಮರಗಳ ತೊಗಟೆ ಎಲ್ಲ ಮಸಿ ಬಳಿದ ಹಾಗೆ ಕಪ್ಪಾಗಿರುತ್ತವೆ.

ವಯಸ್ಸಾದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹೊಸ ಮರ, ಇಷ್ಟು ಸೆಕೆ ಇದ್ದಾಗ ಹದ ಮೀರಿದರೆ ಮರವೇ ಬಾಯಿ ತುಂಬುತ್ತದೆ, ಕಹಿ ಬರುತ್ತದೆ. ನನಗಂತೂ ಆರರಿಂದ ಹತ್ತು ವರ್ಷದೊಳಗಿನದ್ದೇ ಹೆಚ್ಚು ಇಷ್ಟ.

ಎರಡು ಗ್ಲಾಸು ಪಕ್ಕಪಕ್ಕ

ರುಚಿ ನೋಡುವುದಕ್ಕೆ ದುಬಾರಿ ಬಾಟಲಿ ಬೇಡ. ಬೇಕಾದ್ದು ಎರಡು ಗ್ಲಾಸು, ಬಾಯಿ ಸ್ವಲ್ಪ ಕಿರಿದಾಗಿದ್ದರೆ ಒಳ್ಳೆಯದು, ವಾಸನೆ ಚದುರುವುದಿಲ್ಲ. ಒಂದರಲ್ಲಿ ಬರ್ಬನ್, ಒಂದರಲ್ಲಿ ರೈ, 20 ಮಿಲಿ ಸಾಕು. ಊಟಕ್ಕೆ ಮುಂಚೆ ನೋಡಿ, ಖಾರದ ಊಟ ಆದ ಮೇಲೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಐಸು, ಸೋಡಾ ಈಗ ಬೇಡ. ತಂಪಾದರೆ ವಾಸನೆ ಮುದುಡಿಕೊಳ್ಳುತ್ತದೆ.

ಗ್ಲಾಸನ್ನು ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ಮೂಗಿನ ಹತ್ತಿರ ತನ್ನಿ, ಒಳಗೆ ತುರುಕಬೇಡಿ. ಬಾಯಿ ಸ್ವಲ್ಪ ತೆರೆದಿಟ್ಟು ಮೂಸಿ. ಹೀಗೆ ಮಾಡಿದರೆ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುವುದಿಲ್ಲ. ಬೇರೆಯವರು ಬರೆದ ಪಟ್ಟಿ ನೋಡಿ ಚೆರ್ರಿ, ಮೇಪಲ್ ಪಾಕ ಹುಡುಕುತ್ತಾ ಕೂರಬೇಡಿ. ನೀವು ಮೇಪಲ್ ಪಾಕ ತಿಂದೇ ಇಲ್ಲದಿದ್ದರೆ ಅದು ಹೇಗೆ ಸಿಗುತ್ತದೆ? ನಿಮ್ಮ ಅಡುಗೆಮನೆಯ ನೆನಪೇ ನಿಮಗೆ ನಿಘಂಟು. ನನಗೆ ಬರ್ಬನ್ನಿನಲ್ಲಿ ಸಿಗುವುದು ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲ, ತುರಿದ ಕೊಬ್ಬರಿ, ಕೆಂಡದ ಮೇಲೆ ಸುಟ್ಟ ಮೆಕ್ಕೆಜೋಳದ ತೆನೆ, ಕೊನೆಗೆ ಹಳೇ ಮರದ ಪೆಟ್ಟಿಗೆ. ರೈಯಲ್ಲಿ ಮೊದಲು ಬರುವುದು ಕಾಳುಮೆಣಸು, ಲವಂಗ. ಆಮೇಲೆ ಹಸಿರು ವಾಸನೆ, ಪುದೀನ, ಕೆಲವು ಬಾಟಲಿಗಳಲ್ಲಿ ಖಂಡಿತವಾಗಿ ಸಬ್ಬಸಿಗೆ ಸೊಪ್ಪು. ಮೊದಲ ಸಲ ಆ ಸಬ್ಬಸಿಗೆ ಹೊಳೆದಾಗ ನನಗೆ ಆದ ಖುಷಿ ಹೇಳಲಾರೆ.

ಈಗ ಒಂದು ಚಿಕ್ಕ ಗುಟುಕು. ಮೊದಲ ಗುಟುಕು ನಾಲಿಗೆಗೆ ಬರೀ ಉರಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎರಡನೆಯದನ್ನು ಬಾಯಲ್ಲೇ ತಿರುಗಿಸಿ, ಅಗಿಯುವ ಹಾಗೆ ಮಾಡಿ ನುಂಗಿ. ಕೆಂಟಕಿಯ ಬುಕರ್ ನೋ ಎಂಬ ಹೆಸರಾಂತ ತಯಾರಕರು ಹೀಗೆ ಮಾಡುತ್ತಿದ್ದರು, ಅದಕ್ಕೆ ಕೆಂಟಕಿ ಅಗಿತ ಅಂತಲೇ ಹೆಸರು ಬಿದ್ದಿದೆ. ಬರ್ಬನ್ ನಾಲಿಗೆಯ ಮೇಲೆ ದಪ್ಪಗೆ, ಎಣ್ಣೆ ಸವರಿದ ಹಾಗೆ ಹರಡುತ್ತದೆ. ರೈ ತೆಳ್ಳಗೆ, ಚುರುಕಾಗಿ ಓಡುತ್ತದೆ, ಸಿಹಿ ಕಡಿಮೆ, ಕೊನೆ ಒಣ. ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗಾಗುತ್ತದೆ. ಆಗ ಬಾಯಲ್ಲಿ ಏನು ಉಳಿಯಿತು, ಎಷ್ಟು ಹೊತ್ತು ಉಳಿಯಿತು ಅನ್ನುವುದನ್ನು ಗಮನಿಸಿ.

ಆಮೇಲೆ ನಾಲ್ಕೈದು ಹನಿ ನೀರು ಹಾಕಿ. ಚಮಚದಲ್ಲಿ ಹನಿಹನಿಯಾಗಿ. ನೀರು ಬೆರೆತಾಗ ಸುವಾಸನೆಯ ಕೆಲವು ಕಣಗಳು ಆಲ್ಕೋಹಾಲಿನ ಹಿಡಿತದಿಂದ ಬಿಡಿಸಿಕೊಂಡು ಮೇಲಕ್ಕೆ ಬರುತ್ತವೆ. 100 ಪ್ರೂಫಿನ ಬಾಟಲಿಯಲ್ಲಿ ಈ ಬದಲಾವಣೆ ಚೆನ್ನಾಗಿ ಕಾಣುತ್ತದೆ. ನಮ್ಮ ಮನೆಯ ಬರ್ಬನ್ನಿನಲ್ಲಿ ನೀರಿಗೆ ಮುಂಚೆ ಇಲ್ಲದ ಬಾಳೆಹಣ್ಣಿನ ವಾಸನೆ ನೀರಾದ ಮೇಲೆ ಬಂತು.

ಎರಡರ ನಡುವಿನ ಗೆರೆ ಯಾವಾಗಲೂ ಇಷ್ಟು ಸ್ಪಷ್ಟ ಇರುವುದಿಲ್ಲ. ಕೆಂಟಕಿಯ ಎಷ್ಟೋ ರೈಗಳಲ್ಲಿ ರೈ 51 ಪಾಲನ್ನು ದಾಟಿದರೆ ಸಾಕು ಅನ್ನುವಷ್ಟೇ ಇರುತ್ತದೆ, ಉಳಿದದ್ದರಲ್ಲಿ ಹೆಚ್ಚು ಮೆಕ್ಕೆಜೋಳ. ಅವು ಬರ್ಬನ್ನಿನ ಖಾರದ ತಮ್ಮನ ಹಾಗಿರುತ್ತವೆ. ಇಂಡಿಯಾನಾದ ಲಾರೆನ್ಸ್‌ಬರ್ಗಿನ ದೊಡ್ಡ ಡಿಸ್ಟಿಲರಿಯಲ್ಲಿ 95 ಪಾಲು ರೈ ಹಾಕಿ ಇಳಿಸಿದ ವಿಸ್ಕಿ ಹಲವು ಹೆಸರುಗಳಲ್ಲಿ ಪೇಟೆಗೆ ಬರುತ್ತದೆ. ಸಬ್ಬಸಿಗೆ ಬೇಕಿದ್ದರೆ ಅಲ್ಲಿ ಹುಡುಕಿ. ಲೇಬಲ್ಲಿನ ಹಿಂಬದಿಯಲ್ಲಿ "ಇಂಡಿಯಾನಾದಲ್ಲಿ ಇಳಿಸಿದ್ದು" ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಬರ್ಬನ್ನಿನಲ್ಲೂ ಫೋರ್ ರೋಸಸ್‌ನವರ ಒಂದು ಪಾಕಕ್ಕೆ 35 ಪಾಲು ರೈ ಬೀಳುತ್ತದೆ. ಇನ್ನೊಂದು ತುದಿಯಲ್ಲಿ ಮೇಕರ್ಸ್ ಮಾರ್ಕ್ ಇದೆ, ಅದರಲ್ಲಿ ರೈ ಇಲ್ಲವೇ ಇಲ್ಲ, ಆ ಜಾಗದಲ್ಲಿ ಗೋಧಿ. ಖಾರ ಹೋಗಿ ಮೆತ್ತಗಾಗುತ್ತದೆ. ಮೊದಲ ಸಲ ಕುಡಿಯುವವರಿಗೆ ಇದೇ ಹಿತ.

ಭಾರತದಲ್ಲಿ ಇವುಗಳ ಬೆಲೆ ಏರಿರುವುದಕ್ಕೆ ದೊಡ್ಡ ಕಾರಣ ಆಮದು ಸುಂಕ. 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಸುಂಕವನ್ನು 150%ರಿಂದ 100%ಕ್ಕೆ ಇಳಿಸಿದರು.

ಹೊಸ ಪೀಪಾಯಿಯೇ ಬೇಕು ಅನ್ನುವ ನಿಯಮದಿಂದ ಇನ್ನೊಂದು ಕೆಲಸ ಆಗಿದೆ. ಒಂದು ಸಲ ಬರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಹಾಗಾಗಿ ಲಕ್ಷಗಟ್ಟಲೆ ಪೀಪಾಯಿ ಹಡಗು ಹತ್ತುತ್ತವೆ. ಹೆಚ್ಚಿನವು ಸ್ಕಾಟ್ಲೆಂಡಿಗೆ, ಕೆಲವು ರಮ್, ಟಕಿಲಾ ಮಾಡುವವರಿಗೆ. ಕೆಲವು ಬೆಂಗಳೂರಿಗೂ ಬರುತ್ತವೆ, ಮೈಸೂರು ರಸ್ತೆಯ ಕಂಬಿಪುರದಲ್ಲಿರುವ ಅಮೃತ್ ಡಿಸ್ಟಿಲರಿಗೆ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿ, ಮಾಗುವುದು ಹೆಚ್ಚಾಗಿ ಇಂಥ ಪೀಪಾಯಿಗಳಲ್ಲಿ. ಇಲ್ಲಿನ ಹವೆಗೆ ದೇವತೆಗಳ ಪಾಲು ವರ್ಷಕ್ಕೆ ನೂರಕ್ಕೆ ಹತ್ತು, ಹನ್ನೆರಡು ಭಾಗ.

ಆ ರಾತ್ರಿ ಭಾವ ಕೊನೆಗೆ ಮೂರನೆಯ ಗ್ಲಾಸಿಗೆ ಈ ಅಮೃತ್ ವಿಸ್ಕಿಯನ್ನೇ ಒಂದು ಗುಟುಕು ಸುರಿದು ಕೊಟ್ಟರು. ಮೂಸಿದೆ. ಬಾರ್ಲಿಯ ವಾಸನೆ ಮುಂದೆ ಇತ್ತು. ಅದರ ಹಿಂದೆ, ಮೆಲ್ಲಗೆ, ಮೊದಲ ಗ್ಲಾಸಿನದ್ದೇ ಕೊಬ್ಬರಿ ಮತ್ತು ವೆನಿಲಾ.